ಗಿರಣಿ ಶ್ರುತಿಯ ಅನ್ನಪೂರ್ಣವ್ವ

ಅನ್ನಪೂರ್ಣವ್ವನವರು ಹಾಡುತ್ತಾರೆ ಎಂಬುದು ಊರಿಗೆ ಗೊತ್ತಾದದ್ದು ಕರೆಂಟು ಹೋದದ್ದರಿಂದ. ಮೂರು ವರ್ಷದ ಹಿಂದಿನ ಮಾತು. ಬನವಾಸಿಯಿಂದ ಆರು ಕಿಲೋಮೀಟರ್ ದೂರದ ನಮ್ಮೂರಲ್ಲಿ ಇರುವುದು ಒಂದೇ ಹಿಟ್ಟಿನ ಗಿರಣಿ. ಅದು ಅನ್ನಪೂರ್ಣವ್ವ ಮತ್ತು ಅವರ ಯಜಮಾನರಾದ ಶಿವಲಿಂಗಪ್ಪನವರದು. ಅವತ್ತು ನಾನು ಗೋದಿ ಡಬ್ಬಿ ಇಟ್ಟುಕೊಂಡು ಪಾಳಿಯಲ್ಲಿ ನಿಂತಿದ್ದೆ. ಗಿರಣಿ ಓಡುವಾಗ ಅಲ್ಲಿ ಯಾರೂ ಮಾತಾಡುವುದಿಲ್ಲ, ಆಡಿದರೂ ಪಕ್ಕದವನಿಗೆ ಕೇಳುವುದಿಲ್ಲ. ಇದ್ದಕ್ಕಿದ್ದಂತೆ ಕರೆಂಟು ಹೋಯಿತು. ಮೋಟಾರು ನಿಂತಿತು, ಬೆಲ್ಟು ಪಟಪಟ ಬಡಿದು ಸುಮ್ಮನಾಯಿತು. ಆ ಸದ್ದು ಇಳಿದ ಜಾಗದಲ್ಲಿ ಒಂದು ಹೆಣ್ಣುದನಿ ನಿಂತಿತ್ತು.

ಗುನುಗುವ ದನಿಯಲ್ಲ ಅದು, ತುಂಬಿದ ದನಿ. ಗಿರಣಿಯ ಸದ್ದಿನೊಳಗೆ ಮುಳುಗಿ ಹಾಡುತ್ತಿದ್ದವರು, ಗಿರಣಿ ನಿಂತದ್ದು ತಿಳಿಯುವಷ್ಟರಲ್ಲಿ ಅರ್ಧ ಸಾಲು ಹಾಡಿಬಿಟ್ಟಿದ್ದರು. ಆಮೇಲೆ ಗಕ್ಕನೆ ನಿಲ್ಲಿಸಿದರು. ಮುಖವೆಲ್ಲ ಹಿಟ್ಟು, ಕಣ್ಣಷ್ಟೇ ಕಾಣುತ್ತಿತ್ತು. ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋಗಿಬಿಟ್ಟರು. ನಾನು ಬೈಕ್ ರಿಪೇರಿ ಮಾಡುವವ, ಹೆಸರು ಚನ್ನಬಸವ. ಊರಿನ ಭಜನಾ ಸಂಘದಲ್ಲಿ ಇಪ್ಪತ್ತು ವರ್ಷದಿಂದ ತಾಳ ಹಾಕುತ್ತ ಬಂದವ. ಆ ಅರ್ಧ ಸಾಲು ಕೇಳಿ ನನ್ನ ಮೈ ಜುಮ್ಮೆಂದಿತು. ಡಬ್ಬಿಯನ್ನು ಅಲ್ಲೇ ಬಿಟ್ಟು ಕಲ್ಲಯ್ಯನವರ ಮನೆಗೆ ಓಡಿದೆ. ಆ ಗೋದಿಯನ್ನು ಯಾರು ಬೀಸಿಸಿದರೋ, ಯಾರು ಮನೆಗೆ ಮುಟ್ಟಿಸಿದರೋ ಇವತ್ತಿಗೂ ಗೊತ್ತಿಲ್ಲ.

ಕಲ್ಲಯ್ಯನವರು ನಮ್ಮ ಸಂಘದ ಹಾರ್ಮೋನಿಯಂ ನುಡಿಸುವವರು. ಎಪ್ಪತ್ತು ದಾಟಿದವರು. ಅವರ ಪೆಟ್ಟಿಯ ಮುಚ್ಚಳವನ್ನು ಅವರನ್ನು ಬಿಟ್ಟು ಬೇರೆ ಯಾರೂ ತೆಗೆಯುವ ಹಾಗಿಲ್ಲ. ನಾನು ಏದುಸಿರು ಬಿಡುತ್ತ ವಿಷಯ ಹೇಳಿದರೆ ಅವರು ನಂಬಲಿಲ್ಲ.

"ಮೂವತ್ತು ವರ್ಷದಿಂದ ಅಲ್ಲೇ ಹಿಟ್ಟು ಬೀಸಿಸ್ಕೊಂಡು ಬರಾಕತ್ತೀನಿ. ನಾ ಒಂದು ದಿನಾನೂ ಕೇಳಿಲ್ಲಲ್ಲೋ."

"ಯಾರು ಕೇಳ್ಯಾರ್ರಿ ಅಯ್ಯಾರ? ಗಿರಣಿ ಬಿಡಬೇಕಲ್ಲ."

ಅನ್ನಪೂರ್ಣವ್ವನವರ ಕಥೆ ಒಂದೇ ಸಲಕ್ಕೆ ಸಿಗಲಿಲ್ಲ. ಇವತ್ತೊಂದು ಮಾತು, ಮುಂದಿನ ವಾರ ಇನ್ನೊಂದು ಮಾತು, ಹಾಗೆ ಕೂಡಿಸಿಕೊಂಡದ್ದು. ಅನ್ನಪೂರ್ಣವ್ವನವರ ತವರು ಹಾನಗಲ್ ಕಡೆಯ ಒಂದು ಹಳ್ಳಿ. ಅವರ ತಾಯಿ ನಸುಕಿಗೇ ಎದ್ದು ಬೀಸುಕಲ್ಲಿನ ಮುಂದೆ ಕೂತು ಹಾಡುತ್ತಿದ್ದರಂತೆ. ಪದ ಹಾಡದಿದ್ದರೆ ಕಲ್ಲು ತಿರುಗುವುದಿಲ್ಲ ಎಂದೇ ಈ ಮಗಳು ನಂಬಿದ್ದಳು. ಇಪ್ಪತ್ತೊಂದನೇ ವಯಸ್ಸಿಗೆ ಮದುವೆಯಾಗಿ ನಮ್ಮೂರ ಗಿರಣಿ ಮನೆಗೆ ಬಂದರು. "ಮೊದಲನೇ ದಿನ ಗಿರಣಿ ನೋಡಿದಾಗ ಗಾಬರಿ ಆತು. ಕಲ್ಲು ತಿರಗ್ತೈತಿ, ಪದ ಹಾಡವ್ರು ಯಾರೂ ಇಲ್ಲ. ಇದೆಂಥಾ ಬೀಸೂದು ಅನಿಸ್ತು," ಎಂದು ಒಮ್ಮೆ ನನಗೆ ಹೇಳಿದರು. ಹಾಗಾಗಿ ತಾವೇ ಹಾಡಿದರು. ಸೊಸೆಯ ದನಿ ಅಂಗಳ ದಾಟಬಾರದು ಎಂದು ಅತ್ತೆ ಹೇಳಿದ್ದರು. ಗಿರಣಿ ಓಡುವಾಗ ದನಿ ಅಂಗಳಕ್ಕಿರಲಿ, ಪಕ್ಕದಲ್ಲಿ ನಿಂತ ಗಂಡನ ಕಿವಿಗೂ ಮುಟ್ಟುತ್ತಿರಲಿಲ್ಲ. ಅತ್ತೆ ಹೋಗಿ ಹದಿನೈದು ವರ್ಷವಾದರೂ ಅದೇ ರೂಢಿ ಉಳಿದುಬಿಟ್ಟಿತು.

ಹಾಡಿನ ಉದ್ದವನ್ನು ಅವರು ಕಾಳಿನಲ್ಲಿ ಅಳೆಯುತ್ತಾರೆ. ನಾವು ಯಾವುದಾದರೂ ಹೊಸ ಪದ ಹೇಳಿದರೆ ಕಣ್ಣು ಮುಚ್ಚಿ ಕೇಳಿ, "ಇದು ಮೂರು ಕಿಲೋ ಗೋದಿದ್ದು," ಎನ್ನುತ್ತಾರೆ. ದೊಡ್ಡ ತತ್ವಪದವಾದರೆ ಐದು ಕಿಲೋ ಜೋಳ. ಖಾರ ಕುಟ್ಟಿಸುವ ದಿನ ಮಾತ್ರ ಹಾಡಿಲ್ಲ, ಅವತ್ತು ಎಲ್ಲರಿಗೂ ಕೆಮ್ಮು. ಇಂಥ ಮನುಷ್ಯರನ್ನು ಮೂವತ್ತು ವರ್ಷ ಗುರುತಿಸದೆ ಬಿಟ್ಟೆವಲ್ಲ ಎಂದು ನನಗೆ ಈಗಲೂ ನಮ್ಮ ಮೇಲೆ ಸಿಟ್ಟು ಬರುತ್ತದೆ.

ಮೂರು ಸೋಮವಾರ ಬೆನ್ನು ಬಿದ್ದು ಕರೆದ ಮೇಲೆ ನಾಲ್ಕನೆಯ ಸೋಮವಾರ ಭಜನೆಗೆ ಬಂದರು. ಮೊದಲು ಕಂಬದ ಮರೆಯಲ್ಲಿ ಕೂತರು. ಎರಡು ತಿಂಗಳಿಗೆ ಕಂಬದ ಮುಂದೆ ಬಂದರು. ಆರು ತಿಂಗಳಿಗೆ ನಮ್ಮ ಮುಂದೆ ಕೂತು ಪದ ಹೇಳಿಕೊಡುವವರೇ ಆದರು. ಅವರು ಒಂದು ಸಾಲು ಹೇಳುವುದು, ನಾವು ಹನ್ನೊಂದು ಗಂಡಸರು ಅದನ್ನೇ ಹಿಂದಿನಿಂದ ಹೇಳುವುದು. ಕೆಲವರು ಮೂಗು ಮುರಿದರು. ಕಲ್ಲಯ್ಯನವರು ಪೆಟ್ಟಿಯಿಂದ ತಲೆ ಎತ್ತದೆ, "ಇವರಿಗಿಂತ ಚಲೋ ಹಾಡವ್ರು ಇದ್ರ ಮುಂದ ಬರ್ರಿ," ಎಂದರು. ಯಾರೂ ಬರಲಿಲ್ಲ.

ಹೋದ ಡಿಸೆಂಬರ್‌ನಲ್ಲಿ ಸಿದ್ದಾಪುರದಲ್ಲಿ ಭಜನಾ ಸ್ಪರ್ಧೆ ಎಂಬ ಪಾಂಪ್ಲೆಟ್ ನನ್ನ ಅಂಗಡಿಗೆ ಬಂತು. ಕೆಳಗೆ ಜನವರಿಗೆ ಯಲ್ಲಾಪುರದಲ್ಲೂ ಒಂದಿದೆ ಎಂದು ಬರೆದಿತ್ತು. ನಾನು ಯಾರನ್ನೂ ಕೇಳದೆ ಎರಡಕ್ಕೂ ಫೋನ್ ಮಾಡಿ ಹೆಸರು ಕೊಟ್ಟುಬಿಟ್ಟೆ. ನನ್ನ ಸ್ವಭಾವವೇ ಹಾಗೆ, ಬೈಕ್ ಸ್ಟಾರ್ಟ್ ಆದ ಮೇಲೆ ಪೆಟ್ರೋಲ್ ನೋಡುವವ. ಎಲ್ಲರೂ ಮೊದಲು ಬೈದರು, ಆಮೇಲೆ ಕುಣಿದರು. ನಮ್ಮೂರ ಹಳೆಯ ಅಜ್ಜನೊಬ್ಬರು ಕಟ್ಟಿದ, ಎಲ್ಲೂ ಅಚ್ಚಾಗದ ತತ್ವಪದವನ್ನೇ ಹಾಡುವುದೆಂದು ತೀರ್ಮಾನವಾಯಿತು. ಎರಡು ನುಡಿ ನಿಧಾನ, ಮೂರನೆಯ ನುಡಿಗೆ ತಾಳ ದುಪ್ಪಟ್ಟು. ಆ ದುಪ್ಪಟ್ಟು ಬಂದಾಗ ಕೂತವನು ಕೂತಲ್ಲಿ ಕೂರಲಾರ, ಅಂಥ ಪದ.

ಅಭ್ಯಾಸಕ್ಕೆ ಜಾಗ ಮಾತ್ರ ಗಿರಣಿಯೇ. ಮಧ್ಯಾಹ್ನದ ಹೊತ್ತು ಅನ್ನಪೂರ್ಣವ್ವನವರಿಗೆ ಅದನ್ನು ಬಿಟ್ಟು ಬರಲಾಗುತ್ತಿರಲಿಲ್ಲ. ಕಲ್ಲಯ್ಯನವರು ಪೆಟ್ಟಿ ತರಲು ಒಪ್ಪಲಿಲ್ಲ. "ಒಳಗಿನ ರೀಡಿನ ಸಂದ್ಯಾಗ ಹಿಟ್ಟು ಹೊಕ್ಕರ ಪೆಟ್ಟಿ ಹ್ವಾದಂಗ. ಪದ ನಂಗ ಬರ್ತೈತಿ, ನಾ ಸ್ಟೇಜಿಗೇ ಬರ್ತೀನಿ," ಎಂದರು. ಆದರೂ ಒಂದು ದಿನ ಗಿರಣಿಯ ಬಾಗಿಲ ಹೊರಗೆ ಪೆಟ್ಟಿ ಇಟ್ಟುಕೊಂಡು ಕೂತು, ಒಳಗೆ ಖಾಲಿ ಓಡುತ್ತಿದ್ದ ಮೋಟಾರಿನ ದನಿಗೆ ಕೂಡುವ ಸ್ವರದ ಮನೆಯನ್ನು ಪೆಟ್ಟಿಯ ಮೇಲೆ ಒತ್ತಿ ಒತ್ತಿ ಹುಡುಕಿದರು. ಎರಡನೆಯ ಕರಿ ಮನೆಯ ಮೇಲೆ ಬೆರಳಿಟ್ಟಾಗ ಗಿರಣಿ ಮತ್ತು ಪೆಟ್ಟಿ ಒಂದೇ ಆದವು. ನಮ್ಮ ಸಂಘದ ಶ್ರುತಿಯೂ ಅದೇ, ಕರಿ ಎರಡು. ಕಲ್ಲಯ್ಯನವರು ನಕ್ಕುಬಿಟ್ಟರು. "ಗಿರಣೀನ ನಿಮ್ಮ ತಂಬೂರಿ ಅಂತ ತಿಳ್ಕೋರಿ. ಅದನ್ನ ಹಿಡ್ಕೊಂಡು ಹಾಡ್ರಿ," ಎಂದು ಪೆಟ್ಟಿ ಮುಚ್ಚಿಕೊಂಡು ಹೋದರು.

ಹದಿನೈದು ದಿನ ಆ ತಂಬೂರಿ ಹಿಡಿದು ಹಾಡಿದೆವು. ಅಂಥ ಖುಷಿಯ ದಿನಗಳನ್ನು ನಾನು ಕಂಡಿಲ್ಲ. ಹನ್ನೆರಡು ಜನ ಹಿಟ್ಟಿನ ದೂಳಿನಲ್ಲಿ ಕೂತು, ಗಿರಣಿಗಿಂತ ಜೋರಾಗಿ ಒದರುವುದು. ಶಿವಲಿಂಗಪ್ಪನವರಿಗೆ ಗಿರಣಿಯ ಸಹವಾಸದಲ್ಲಿ ಕಿವಿ ಅರ್ಧ ಹೋಗಿದೆ. ಅವರು ಚೀಲ ಹಿಡಿದು ಪಕ್ಕದಲ್ಲಿ ನಿಂತು ನಮ್ಮ ಬಾಯಿ, ಕೈ ನೋಡಿ ತಲೆದೂಗುತ್ತಿದ್ದರು.

ಸಿದ್ದಾಪುರದ ಸ್ಟೇಜಿನ ಮೇಲೆ ಮೊದಲೆರಡು ನುಡಿ ಹೇಗೆ ಬಂತು ಎಂದು ಬರೆದು ತಿಳಿಸಲಾರೆ. ಜನ ಮಾತು ನಿಲ್ಲಿಸಿದರು, ಹಿಂದೆ ಚಹಾ ಕುಡಿಯುತ್ತಿದ್ದವರು ಲೋಟ ಹಿಡಿದುಕೊಂಡೇ ಮುಂದೆ ಬಂದರು. ಮೂರನೆಯ ನುಡಿಗೆ ನಾನು ತಾಳ ದುಪ್ಪಟ್ಟು ಮಾಡಿದೆ. ಅದೇ ಗಳಿಗೆಗೆ ಅನ್ನಪೂರ್ಣವ್ವನವರು ಅರ್ಧ ಸ್ವರ ಕೆಳಗಿಳಿದರು. ಅವರ ಹಿಂದೆ ನಾವು ಹನ್ನೊಂದೂ ಜನ ಇಳಿದೆವು. ಒಬ್ಬನೂ ತಡವರಿಸಲಿಲ್ಲ, ಒಬ್ಬನೂ ಹಿಂದುಳಿಯಲಿಲ್ಲ. ಕಲ್ಲಯ್ಯನವರ ಪೆಟ್ಟಿಯೊಂದು ಮೇಲೆಯೇ ಉಳಿದು ಕಿರುಚತೊಡಗಿತು. ಅಯ್ಯನವರಿಗೆ ವಯಸ್ಸಾಯಿತು, ಕೈ ತಪ್ಪಿತು ಎಂದುಕೊಂಡು ನಾನು ಅವರನ್ನು ಕಣ್ಣು ಬಿಟ್ಟು ನೋಡಿದೆ. ಅವರೂ ನನ್ನನ್ನು ಹಾಗೆಯೇ ನೋಡುತ್ತಿದ್ದರು.

ತೀರ್ಪು ಹೇಳಲು ಬಂದವರು ಸಂಗೀತ ಕಲಿಸುವ ಒಬ್ಬ ಹೆಂಗಸು. ಮೈಕ್ ಹಿಡಿದು ನಗು ತಡೆದುಕೊಳ್ಳುತ್ತಲೇ ತಮ್ಮ ಹವ್ಯಕ ಮಾತು ಬೆರೆಸಿ ಹೇಳಿದರು: "ಹನ್ನೆರಡು ಜನ ಒಂದೇ ಸಲಕ್ಕೆ, ಒಂದೇ ಅಳತೆಗೆ ಶ್ರುತಿ ಬಿಟ್ಟಿದ್ದು ಆನು ಇದೇ ಮೊದಲು ಕೇಳಿದ್ದು. ಎಂತ ಅಭ್ಯಾಸ ಮಾಡಿದ್ರಿ ನೀವು?" ಇಡೀ ಪೆಂಡಾಲು ನಕ್ಕಿತು.

ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ನನ್ನ ತಲೆ ಕುದಿಯುತ್ತಿತ್ತು. ಜೊತೆಯವನ ಕಿವಿಯಲ್ಲಿ ಹೇಳಿದೆ ಎಂದುಕೊಂಡಿದ್ದೆ, ಆದರೆ ನನ್ನ ದನಿ ಸಣ್ಣದಲ್ಲ: "ಗಿರಣಿ ಹಾಡು ಗಿರಣ್ಯಾಗ ಇರಬೇಕಿತ್ತು." ತಿರುಗಿ ನೋಡಿದರೆ ಅನ್ನಪೂರ್ಣವ್ವನವರು ಎರಡು ಮಾರು ಹಿಂದೆ ನಿಂತಿದ್ದರು. ಅವರು ಅಳಲಿಲ್ಲ, ಸಿಟ್ಟಾಗಲಿಲ್ಲ.

"ಇಳಿಸಿದಾಕಿ ನಾನ ಹೌದು, ಚನ್ನಬಸಣ್ಣ. ನಿಮ್ಮ ಸಂಘದ ಮರ್ಯಾದಿ ಹೋತು. ಯಲ್ಲಾಪುರದಾಗ ಇನ್ನೊಮ್ಮೆ ಹಾಡಾಕ ಬಿಡ್ರಿ. ಅಲ್ಲೂ ನಾ ಇಳಿದ್ನೆಂದ್ರ ಮತ್ತ ಬಾಯಿ ತೆರಿಯೂದಿಲ್ಲ. ಭಜನ್ಯಾಗೂ ಇಲ್ಲ, ಗಿರಣ್ಯಾಗೂ ಇಲ್ಲ."

ಅವರು ಆಡಿದ ಮಾತಿಗೆ ತಪ್ಪುವವರಲ್ಲ ಎಂದು ನಮಗೆಲ್ಲ ಗೊತ್ತಿತ್ತು. ಮೂವತ್ತು ವರ್ಷ ಯಾರಿಗೂ ಕೇಳಿಸದೆ ಹಾಡಿದವರು, ನನ್ನ ಒಂದು ಹಗುರ ಮಾತಿಗೆ ಹಾಡುವುದನ್ನೇ ಬಿಟ್ಟುಬಿಟ್ಟರೆ?

ಮರುದಿನ ಬೆಳಿಗ್ಗೆ, ಮನೆಯಲ್ಲಿ ಹಿಟ್ಟಿದ್ದರೂ ಡಬ್ಬಿಯಲ್ಲಿ ಗೋದಿ ತುಂಬಿಕೊಂಡು ಗಿರಣಿಗೆ ಹೋದೆ. ಕ್ಷಮೆ ಕೇಳಲು ಹೋದದ್ದು. ಅವರು ಒಳಮನೆಯಲ್ಲಿದ್ದರು. ಗಿರಣಿ ಖಾಲಿ ಓಡುತ್ತಿತ್ತು. ಶಿವಲಿಂಗಪ್ಪನವರು ಒಂದು ಚೀಲ ಎತ್ತಿ ಮೇಲಿನ ತಗಡಿನ ಬಾಯಿಗೆ ಜೋಳ ಸುರಿದರು. ಭಾರ ಬಿದ್ದು ಮೋಟಾರು ಮುಲುಗಿ, ದನಿ ಕೆಳಗಿಳಿಯಿತು. ಇಂಜಿನ್ನಿನ ಸದ್ದು ಕೇಳಿ ರೋಗ ಹೇಳುವುದು ನನ್ನ ಕಸುಬು, ಆದರೂ ಹದಿನೈದು ದಿನ ಇದು ನನ್ನ ತಲೆಗೆ ಹೊಳೆದಿರಲಿಲ್ಲ. ಇಳಿದದ್ದು ಅರ್ಧ ಸ್ವರ. ಸಿದ್ದಾಪುರದಲ್ಲಿ ನಾವು ಇಳಿದಷ್ಟೇ.

ಶಿವಲಿಂಗಪ್ಪನವರ ಕಿವಿಯ ಹತ್ತಿರ ಬಾಯಿಟ್ಟು ಕೂಗಿದೆ: "ನಾವು ಹಾಡೂವಾಗ ನೀವು ಕಾಳು ಯಾವಾಗ ಸುರೀತಿದ್ರಿ?"

"ಪದ ಶುರು ಆದಾಗ ಸುರಿದ್ರ ದೂಳು ಏಳ್ತೈತಿ ಅಂತ ತಡೀತಿದ್ದೆ. ನಂಗೇನ ಕೇಳ್ತೈತಿ? ನಿನ್ನ ಕೈ ನೋಡ್ತಿದ್ದೆ. ತಾಳ ಜೋರಾತಂದ್ರ, ಇನ್ನ ಮುಗೀತು ಇವರದು ಅಂತ ಚೀಲ ಎತ್ತೂದು."

ಆ ಕ್ಷಣಕ್ಕೆ ನನಗೆ ನಗು, ಅಳು ಎರಡೂ ಒಟ್ಟಿಗೇ ಬಂದವು. ಹದಿನೈದು ದಿನವೂ ಮೂರನೆಯ ನುಡಿಗೆ ಸರಿಯಾಗಿ ಗಿರಣಿ ಇಳಿದಿತ್ತು, ಅದರ ಜೊತೆ ನಾವೆಲ್ಲ ಇಳಿಯಲು ಕಲಿತಿದ್ದೆವು. ಇಳಿಸುವ ಸನ್ನೆ ಕೊಟ್ಟವನು ನಾನೇ. ಒಳಮನೆಗೆ ನುಗ್ಗಿ ಅನ್ನಪೂರ್ಣವ್ವನವರಿಗೆ ಎಲ್ಲ ಒದರಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ಹೇಳಿದರು: "ಆದ್ರೂ ಪೆಟ್ಟಿ ಬಾಜೂಕ ಇತ್ತು, ನಾ ಕೇಳಬೇಕಿತ್ತು. ಆಡಿದ ಮಾತು ಹಂಗ ಐತಿ."

ಆಮೇಲೆ ನಡೆದದ್ದು ನಮ್ಮೂರಲ್ಲಿ ಹಿಂದೆಂದೂ ನಡೆದಿರಲಿಲ್ಲ. ಶಿವಲಿಂಗಪ್ಪನವರು ದಿನವೂ ಹನ್ನೊಂದರಿಂದ ಒಂದರವರೆಗೆ ಗಿರಣಿ ಬಂದ್ ಮಾಡಿದರು. ಬಾಗಿಲ ಮೇಲೆ ಸುಣ್ಣದ ಕಡ್ಡಿಯಿಂದ ತಾವೇ ಬರೆದರು: ಹಾಡು ನಡದೈತಿ, ಒಂದಕ್ಕ ಬರ್ರಿ. ಬಂದವರು ಗೊಣಗಿದರು. ಎರಡು ದಿನದ ಮೇಲೆ ಗೊಣಗುವುದು ಬಿಟ್ಟು ಡಬ್ಬಿಯ ಮೇಲೆಯೇ ಕೂತು ಕೇಳತೊಡಗಿದರು. ಕಲ್ಲಯ್ಯನವರು ನೆಲವನ್ನು ತಾವೇ ಒದ್ದೆ ಬಟ್ಟೆಯಿಂದ ಒರೆಸಿ, ಮೇಲೆ ಕಂಬಳಿ ಹಾಸಿ ಪೆಟ್ಟಿ ಇಟ್ಟರು.

ಮೊದಲನೆಯ ದಿನ ಸದ್ದಿಲ್ಲದ ಗಿರಣಿಯಲ್ಲಿ ಅನ್ನಪೂರ್ಣವ್ವನವರು ದನಿ ತೆಗೆದಾಗ, ಎಂದೂ ಭಜನೆಗೆ ಬಾರದ ಶಿವಲಿಂಗಪ್ಪನವರು ಅವರ ಪಕ್ಕದಲ್ಲೇ ಚೀಲದ ಮೇಲೆ ಕೂತು, ಕಿವಿಗೆ ಕೈ ಹಿಡಿದಿದ್ದರು. ಪದ ಮುಗಿಯಿತು. ಅವರು ಕೈ ಕೆಳಗಿಳಿಸಲಿಲ್ಲ.

"ಇದನ್ನ ಇಷ್ಟು ವರ್ಷ ನನ್ನ ಬಾಜೂಕ ನಿಂತು ಹಾಡ್ತಿದ್ದೀ?"

"ಹೂಂ."

"ಒಮ್ಮೆ ಹೇಳಬಾರದಿತ್ತ?"

"ಹೇಳಿದ್ರ ಕೇಳ್ತಿತ್ತೇನ್ರಿ ನಿಮಗ?"

ನಾವೆಲ್ಲ ನಕ್ಕೆವು, ಅವರೂ ನಕ್ಕರು. ನಕ್ಕು ಟವೆಲ್‌ನಿಂದ ಕಣ್ಣೊರೆಸಿಕೊಂಡರು. ನನಗೆ ಮಾತ್ರ ಆ ಹೊತ್ತಿಗೆ ನನ್ನ ಬಸ್‌ಸ್ಟ್ಯಾಂಡಿನ ಮಾತು ಎದೆಗೆ ಚುಚ್ಚಿತು.

ಕಲ್ಲಯ್ಯನವರ ಪಾಠ ಕಠಿಣ. ಅನ್ನಪೂರ್ಣವ್ವನವರನ್ನು ಒಂದೇ ಸ್ವರದ ಮೇಲೆ ನಿಲ್ಲಿಸಿ, ತಾವು ಬೇಕೆಂದೇ ಪಕ್ಕದ ಮನೆ ಒತ್ತಿ ಎಳೆಯುತ್ತಿದ್ದರು. ಅವರು ಅಲುಗಿದರೆ ಮತ್ತೆ ಮೊದಲಿನಿಂದ. ಒಂದು ದಿನ ನಾನು, "ಸಾಕ್ರಿ ಅಯ್ಯಾರ, ಪಾಪ," ಎಂದೆ. ಅವರು ನನ್ನ ಮೇಲೆ ಹರಿಹಾಯ್ದರು: "ಸಿದ್ದಾಪುರದಾಗ ಸರಿ ಇದ್ದದ್ದು ನನ್ನ ಪೆಟ್ಟಿ ಒಂದ. ನೀವು ಹನ್ನೊಂದು ಮಂದೀನೂ ಪೆಟ್ಟಿ ಬಿಟ್ಟು ಈಕೀ ಹಿಂದ ಹ್ವಾದ್ರಿ. ಅಷ್ಟು ಜೋರೈತಿ ಈಕೀ ದನಿ. ಈಕಿ ನಿಂತ್ರ ಎಲ್ಲಾ ನಿಲ್ತೈತಿ." ಅನ್ನಪೂರ್ಣವ್ವನವರು ಮತ್ತೆ ಅದೇ ಸ್ವರ ಹಿಡಿದರು.

ಯಲ್ಲಾಪುರಕ್ಕೆ ಟೆಂಪೋ ಮಾಡಿಕೊಂಡು ಹೋದೆವು. ಪೆಂಡಾಲು ಹೆದ್ದಾರಿಯ ಪಕ್ಕದಲ್ಲೇ. ಒಂದರ ಹಿಂದೊಂದು ಲಾರಿ. ಹದಿನೇಳು ತಂಡ, ನಮ್ಮದು ಒಂಬತ್ತನೆಯದು. ಸ್ಟೇಜ್ ಹತ್ತಿ ಅನ್ನಪೂರ್ಣವ್ವನವರು ಪದ ಎತ್ತಿಕೊಂಡರು. ಮೊದಲನೆಯ ನುಡಿ ಆಯಿತು, ಎರಡನೆಯದೂ ಆಯಿತು. ಇನ್ನು ನನ್ನ ಸರದಿ. ತಾಳ ದುಪ್ಪಟ್ಟು ಮಾಡಿದೆ.

ಸರಿಯಾಗಿ ಆಗಲೇ ಮರದ ದಿಮ್ಮಿ ತುಂಬಿದ ಲಾರಿಯೊಂದು ಪೆಂಡಾಲಿನ ಹಿಂದಿನ ಏರಿನಲ್ಲಿ ಮುಲುಗುತ್ತ ಇಂಜಿನ್ನಿನ ದನಿ ಕೆಳಗಿಳಿಸಿತು. ಭಾರ ಬಿದ್ದ ಗಿರಣಿಯದೇ ದನಿ. ನಾವು ಹನ್ನೊಂದು ಜನ ಆ ಲಾರಿಯ ಹಿಂದೆ ಇಳಿದುಬಿಟ್ಟೆವು. ಎಲ್ಲ ಗೊತ್ತಿದ್ದ ನಾನೂ ಇಳಿದೆ. ಬಾಯಿಂದ ಹೊರಬಿದ್ದ ಮೇಲೆ ತಿಳಿಯಿತು.

ಅನ್ನಪೂರ್ಣವ್ವನವರು ಇಳಿಯಲಿಲ್ಲ. ಹಿಂದಿನಿಂದ ಹನ್ನೊಂದು ಗಂಡುದನಿಗಳು ಕೆಳಕ್ಕೆ ಜಗ್ಗುತ್ತಿದ್ದವು, ಹೊರಗೆ ಲಾರಿ ಜಗ್ಗುತ್ತಿತ್ತು, ಅವರು ಆ ಒಂದು ಸ್ವರ ಹಿಡಿದು ನಿಂತರು. ಪೆಟ್ಟಿಯೊಂದೇ ಅವರ ಜೊತೆ. ಹಾಡುತ್ತಲೇ ಅರ್ಧ ತಿರುಗಿ ನಮ್ಮನ್ನು ನೋಡಿದರು. ಅಂಗೈ ಮೇಲೆ ಮಾಡಿ, ನೆಲದಿಂದ ಮಗುವನ್ನು ಎಬ್ಬಿಸುವ ಹಾಗೆ ನಿಧಾನಕ್ಕೆ ಎತ್ತಿದರು. ಒಬ್ಬ ಹತ್ತಿದ, ಇನ್ನೊಬ್ಬ ಹತ್ತಿದ. ನಾಲ್ಕು ಸಾಲು ಮುಗಿಯುವಷ್ಟರಲ್ಲಿ ನಾವೆಲ್ಲ ಅವರ ಹತ್ತಿರ ಬಂದಿದ್ದೆವು. ಕೊನೆಯವನು ನಾನು. ಮುಂದಿನ ಸಾಲಿನ ಹೆಂಗಸರು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು, ನನಗೆ ಕಣ್ಣೀರಿನಲ್ಲಿ ತಾಳವೇ ಕಾಣುತ್ತಿರಲಿಲ್ಲ.

ಬಹುಮಾನ ಬರಲಿಲ್ಲ. ತೀರ್ಪುಗಾರರು ನೇರವಾಗಿಯೇ ಹೇಳಿದರು: "ಮುಂದೆ ಹಾಡಿದ ಅಮ್ಮನ ಹತ್ರ ಎಂತ ತಪ್ಪೂ ಇಲ್ಲೆ. ಹಿಮ್ಮೇಳ ಶ್ರುತಿ ಬಿಡ್ತು, ಅದಕ್ಕೇ ಹಿಂದೆ ಬಿದ್ರಿ." ಹನ್ನೊಂದು ಗಂಡಸರು ತಲೆ ತಗ್ಗಿಸಿ ಟೆಂಪೋ ಹತ್ತಿದೆವು. ಅನ್ನಪೂರ್ಣವ್ವನವರು ಕೊನೆಗೆ ಹತ್ತಿ, ಕಲ್ಲಯ್ಯನವರ ಎದುರು ಕೂತರು.

"ಅಯ್ಯಾರ, ಖರೇ ಹೇಳ್ರಿ. ನಾ ಇಳಿದ್ನೇನು?"

"ಇಲ್ಲ ತಂಗಿ. ಕೂದಲೆಳಿಯಷ್ಟೂ ಇಳೀಲಿಲ್ಲ."

ಅವರು ಒಮ್ಮೆ ಕಣ್ಣು ಮುಚ್ಚಿ ತೆಗೆದರು. ಅಷ್ಟು ಹೊತ್ತಿನಿಂದ ಆ ಒಂದು ಮಾತಿಗಾಗಿ ಕಾಯುತ್ತಿದ್ದರು ಎಂದು ನನಗೆ ಆಗ ಗೊತ್ತಾಯಿತು. ಇನ್ನು ತಡೆದುಕೊಳ್ಳಲಾರದೆ ನಾನು ಬಾಯಿ ತೆರೆದೆ.

"ಅಕ್ಕಾರ, ಅವತ್ತು ಬಸ್‌ಸ್ಟ್ಯಾಂಡಿನ್ಯಾಗ ನಾ ಆಡಿದ ಮಾತು..."

"ಅದು ಇರಲಿ," ಎಂದು ಅವರು ತಡೆದರು. ನನ್ನಿಂದ ಹಿಡಿದು ಕೊನೆಯ ಸೀಟಿನವರೆಗೆ ಒಬ್ಬೊಬ್ಬರನ್ನೇ ನೋಡಿದರು. "ನಾಳೆ ಹನ್ನೊಂದಕ್ಕ ಬರ್ರಿ, ಹನ್ನೊಂದೂ ಮಂದಿ. ನಂದು ಕಲಿಯೂದು ಮುಗೀತು. ಇನ್ನ ನಿಮಗ ಕಲಿಸ್ತೀನಿ."